ಭಾವನ ಹೇಳಿಕೆಯೂ ಟಗರುಕೊಂಬಿನ ಹ್ಯಾಂಡಲೂ

ನನ್ನದೊಂದು ದೌರ್ಬಲ್ಯವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎರಡು ವಸ್ತುಗಳನ್ನು ಮುಂದಿಟ್ಟು ಒಂದನ್ನು ಆರಿಸಿಕೋ ಎಂದರೆ ನನಗೆ ತಲೆ ತಿರುಗುತ್ತದೆ. ಹೋಟೆಲಿನಲ್ಲಿ ಬನ್ಸ್ ಇದೆ, ಗೋಳಿಬಜೆ ಇದೆ ಎಂದರೆ ಯಾವುದೆಂದು ಯೋಚಿಸಿ ಮುಗಿಯುವಷ್ಟರಲ್ಲಿ ಎರಡೂ ಖಾಲಿಯಾಗಿ, ಬರೇ ಚಹಾ ಕುಡಿದು ಎದ್ದು ಬಂದದ್ದು ಎಷ್ಟೋ ಸಲ. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವವನು ನಾನು. ಒಂದು ಲೆಕ್ಕಕ್ಕೆ ಒಂದೇ ಉತ್ತರ ಎಂಬ ಧೈರ್ಯದಿಂದಲೇ ಆ ವಿಷಯವನ್ನು ಹಿಡಿದದ್ದು. ವರ್ಗ ಸಮೀಕರಣಕ್ಕೆ ಎರಡು ಉತ್ತರ ಇರುತ್ತದೆಂಬುದನ್ನು ಆಗ ಅಷ್ಟು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಮದುವೆಯ ವಿಷಯದಲ್ಲಿ ನಾನು ಬಚಾವಾದದ್ದು ಒಂದೇ ಹುಡುಗಿಯನ್ನು ನೋಡಿದ್ದರಿಂದ. "ನನ್ನ ತಂಗಿ ಇದ್ದಾಳೆ. ನೋಡಿ, ಮನಸ್ಸಿಗೆ ಬಂದರೆ ಇಲ್ಲೇ ಹೇಳಿ" ಎಂದರು ಕುಂಬ್ಡಾಜೆಯ ಭಾವ. ಹೋಲಿಸಿ ನೋಡಲು ಇನ್ನೊಬ್ಬಳು ಇರಲಿಲ್ಲ, ಹೇಳಿಬಿಟ್ಟೆ. ಇಬ್ಬರನ್ನು ತೋರಿಸಿದ್ದರೆ ಸುಮತಿ ಇವತ್ತು ಬೇರೆ ಯಾರದೋ ಮನೆಯಲ್ಲಿ ಸುಖವಾಗಿರುತ್ತಿದ್ದಳು. ಇದು ಅವಳದೇ ಮಾತು.

ಇಂಥವನ ಕೈಗೆ ಹಳೆಯ ಟೂರಿಂಗ್ ಸೈಕಲೊಂದು ಸಿಗಬಾರದಿತ್ತು. ಸಿಕ್ಕಿತು. ಉಪ್ಪಳದ ಗುಜರಿ ಅಂಗಡಿಗೆ ಫ್ಯಾನಿನ ರೆಕ್ಕೆ ಹುಡುಕಲು ಹೋದವನಿಗೆ ಎರಡು ಸತ್ತ ಫ್ರಿಜ್ಜುಗಳ ನಡುವೆ ಕಡುಹಸಿರು ಬಣ್ಣದ ಸೈಕಲ್ ಕಾಣಿಸಿತು. ಯಾರೋ ವಿದೇಶಿ ಗೋವಾದಿಂದ ಕನ್ಯಾಕುಮಾರಿಗೆಂದು ಹೊರಟವನು ನಮ್ಮ ಸೆಖೆಗೆ ಸೋತು, ಅದನ್ನು ಲಾಡ್ಜಿನಲ್ಲೇ ಬಿಟ್ಟು ರೈಲು ಹತ್ತಿದನಂತೆ. ಉಕ್ಕಿನ ತೆಳು ಕೊಳವೆಗಳು, ಚಕ್ರದ ಮೇಲೆ ಚೀಲ ಕಟ್ಟಲು ಕ್ಯಾರಿಯರು, ಕಾಲಿನ ಹತ್ತಿರ ಗೇರ್ ಬದಲಿಸುವ ಪುಟ್ಟ ಹಿಡಿ. ನೋಡಿದ ಕೂಡಲೇ ಮನಸ್ಸು ಕರಗಿತು. ಗುಜರಿಯಲ್ಲಿ ಅಂಥದ್ದು ಒಂದೇ ಇದ್ದದ್ದರಿಂದ ತಕ್ಷಣ ಕೊಂಡುಕೊಂಡೆ. ಫ್ಯಾನಿಗೆ ಇವತ್ತಿನವರೆಗೂ ಎರಡೇ ರೆಕ್ಕೆ. ಇನ್ನು ಸ್ಕೂಟರು ಬೇಡ, ಮಂಗಲ್ಪಾಡಿಯ ಶಾಲೆಗೆ ಇದರಲ್ಲೇ ಹೋಗಿಬರುವುದು, ಹೊಟ್ಟೆಯೂ ಇಳಿಯುತ್ತದೆ ಎಂದು ಮನೆಯಲ್ಲಿ ಸಾರಿದೆ. ಸುಮತಿ ಸೈಕಲನ್ನು ಒಂದು ಸುತ್ತು ಬಂದು, "ಇದರ ಹ್ಯಾಂಡಲ್ ಎಂತ ಇದು, ಟಗರಿನ ಕೊಂಬಿನ ಹಾಗೆ?" ಎಂದಳು. ಅಷ್ಟೇ ಹೇಳಿದ್ದು, ಆದರೆ ಸಮಸ್ಯೆಯೆಲ್ಲ ಅದರಲ್ಲೇ ಇತ್ತು.

ಆ ಹ್ಯಾಂಡಲು ಮುಂದಕ್ಕೆ ಚಾಚಿ ಕೆಳಕ್ಕೆ ಸುತ್ತಿಕೊಂಡಿತ್ತು. ಅದನ್ನು ಹಿಡಿದರೆ ಬೆನ್ನು ಬಾಗುತ್ತದೆ, ಹೊಟ್ಟೆ ಮಡಚುತ್ತದೆ, ತಲೆ ನೆಲ ನೋಡುತ್ತದೆ. ಹಾಗೆ ಬಾಗಿದರೆ ಗಾಳಿಯ ತಡೆ ಕಡಿಮೆ ಎಂದು ಬಲ್ಲವರು ಹೇಳುತ್ತಾರೆ, ಇರಬಹುದು. ಆದರೆ ನಮ್ಮ ಊರಿನಲ್ಲಿ ರಸ್ತೆಯಲ್ಲಿ ಹೋಗುವುದೆಂದರೆ ಬರೇ ಹೋಗುವುದಲ್ಲ. "ಎಂತ ಮಾಸ್ಟ್ರೇ, ಶಾಲೆಗಾ?" ಎಂದು ಹತ್ತು ವರ್ಷದಿಂದ ಅದೇ ಹೊತ್ತಿಗೆ ಅದೇ ಶಾಲೆಗೆ ಹೋಗುವವನನ್ನು ಕೇಳುತ್ತಾರೆ. "ಹೌದು, ಶಾಲೆಗೆ" ಎಂದು ಹಲ್ಲು ಕಾಣಿಸಿ ಹೇಳಬೇಕು. ಹೇಳದಿದ್ದರೆ ಸಂಜೆಯೊಳಗೆ ನಮಗೆ ಅಹಂಕಾರ ಬಂದಿರುತ್ತದೆ. ತಲೆ ಎತ್ತಲಾಗದ ನಾನು ಒಂದು ಉಪಾಯ ಮಾಡಿದೆ. ಪರಿಚಯದವರ ಅಂಗಡಿಗಳು ಯಾವ ತಿರುವಿನಲ್ಲಿವೆ ಎಂಬುದು ಗೊತ್ತಿದೆಯಲ್ಲ, ಅಲ್ಲಲ್ಲಿ ನಮಸ್ಕಾರದ ಬದಲಿಗೆ ಗಂಟೆ ಬಾರಿಸಿಕೊಂಡು ಹೋದೆ. ಮೂರನೆಯ ದಿನ ಹೊಸಂಗಡಿಯ ಸೈಕಲ್ ಅಂಗಡಿಯ, ಊರಿಗೆಲ್ಲ ಹಿರಿಯಣ್ಣನಂಥ ಮೊಯ್ದುಕ್ಕ ರಸ್ತೆಗೇ ಬಂದು ತಡೆದರು. "ಮಾಸ್ಟ್ರೇ, ನಿಮಗೆ ಎಂತ ಆಗಿದೆ? ಅಂಗಡಿ ಮೆಟ್ಟಿಲಲ್ಲಿ ಕೂತವರಿಗೆಲ್ಲ ಬದಿಗೆ ಸರಿಯಿರಿ ಅಂತ ಬೆಲ್ ಮಾಡಿಕೊಂಡು ಹೋಗ್ತೀರಲ್ಲ! ಕ್ಷೌರದಂಗಡಿಯವನು ಕೇಳ್ತಾ ಇದ್ದ, ರಸ್ತೆ ಸಾಲದೆ ನನ್ನ ಮೆಟ್ಟಿಲೂ ಬೇಕಂತಾ ಇವರಿಗೆ ಅಂತ." ನಾನು ನಾಚಿ ನೀರಾದೆ. ಮೊಯ್ದುಕ್ಕ ಅಷ್ಟಕ್ಕೇ ಬಿಡಲಿಲ್ಲ. "ಮತ್ತೆ ನಿನ್ನೆ ನಿಮ್ಮ ಭಾವ ಇಲ್ಲೇ ಬಸ್ಸಿಳಿದು ನಿಂತಿದ್ದರು. ಕೈಯಲ್ಲಿ ಮದುವೆ ಕಾಗದದ ಕಟ್ಟು ಇತ್ತು. ನೀವು ಅವರ ಮೂಗಿನ ಮುಂದೆಯೇ ಹೋದಿರಿ, ನೋಡಲೇ ಇಲ್ಲ."

ಭಾವನ ಮಗಳಿಗೆ ಮದುವೆ ನಿಶ್ಚಯವಾಗಿತ್ತು, ದಿನ ಹತ್ತಿರ ಬರುತ್ತಿತ್ತು. ನಮ್ಮ ಕಡೆ ಮದುವೆಗೆ ಕಾಗದ ಕಳಿಸಿದರೆ ಸಾಲದು, ವಾಟ್ಸಾಪಿನಲ್ಲಿ ಹಾಕಿದ್ದು ಲೆಕ್ಕಕ್ಕೇ ಇಲ್ಲ. ಮನೆಗೆ ಬಂದು, ಕೂತು, ಏನಾದರೂ ಕುಡಿದು, "ಎಲ್ಲರೂ ಮುಂಚಿನ ದಿನವೇ ಬರಬೇಕು" ಎಂದು ಬಾಯಿಬಿಟ್ಟು ಹೇಳಬೇಕು. ಅದಕ್ಕೇ ಹೇಳಿಕೆ ಎನ್ನುವುದು. ಹೇಳಿಕೆಯಿಲ್ಲದ ಮದುವೆಗೆ ಹೋಗುವವನಿಗೆ ಮಾನವಿಲ್ಲ. ಅದು ಸ್ವಂತ ಅಣ್ಣನ ಮಗಳ ಮದುವೆಯಾದರೂ ಸರಿ. ಸುಮತಿ ಸೋದರತ್ತೆ, ಉಡಬೇಕಾದ ಸೀರೆಯನ್ನು ತೆಗೆದಿಟ್ಟು ಎರಡು ತಿಂಗಳಾಗಿತ್ತು. ಆಚೆಮನೆಗೆ ಹೇಳಿಕೆ ಬಂತು, ಈಚೆಮನೆಗೆ ಬಂತು, ನಮ್ಮ ಮನೆಗೆ ಬರಲಿಲ್ಲ. "ಕಂಡೂ ಕಾಣದ ಹಾಗೆ ಹೋದರೆ ಅವನಾದರೂ ಹೇಗೆ ಬರುವುದು? ನಾನೇ ಫೋನು ಮಾಡಿ ನಮ್ಮನ್ನು ಕರೀ ಅಂತ ಕೇಳಲಿಕ್ಕಾಗ್ತದಾ?" ಎಂದು ಸುಮತಿ ಕಣ್ಣೊರೆಸಿಕೊಂಡಳು. ಇಪ್ಪತ್ತೆರಡು ವರ್ಷಗಳಲ್ಲಿ ಅವಳು ನನ್ನ ಮೇಲೆ ರೇಗಿದ್ದು ಲೆಕ್ಕವಿಲ್ಲದಷ್ಟು ಸಲ, ಅತ್ತದ್ದು ಬಹಳ ಕಡಿಮೆ. ನನಗೆ ನಿಜವಾಗಿ ಸಂಕಟವಾಯಿತು. ಸೈಕಲನ್ನು ಗುಜರಿಗೆ ಹಿಂದಿರುಗಿಸಿ ಸ್ಕೂಟರು ಹತ್ತಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸಂಕಟದಲ್ಲೂ ನನಗೆ ಹೊಳೆದದ್ದು, ತಲೆ ಎತ್ತಿ ಕೂರುವಂಥ ಹಿತವಾದ ಹ್ಯಾಂಡಲೊಂದನ್ನು ಹಾಕಿಸಬೇಕು ಎಂದು.

ಹಾಕಿಸುವುದು ಸುಲಭ, ಆರಿಸುವುದು ಯಾರು? ಮೊಯ್ದುಕ್ಕ ಅಟ್ಟದಿಂದ ಹಳೆಯ ಹ್ಯಾಂಡಲುಗಳ ಮೂಟೆಯನ್ನೇ ಇಳಿಸಿದರು. ನೇರ ಕೋಲಿನಂಥದ್ದೊಂದು. ಮೀಸೆಯ ಆಕಾರದ್ದೊಂದು. ಚಿಟ್ಟೆಯ ರೆಕ್ಕೆಯಂತೆ ಸುತ್ತಿಕೊಂಡು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದೇ ತಿಳಿಯದ್ದೊಂದು. ಹಿಂದಕ್ಕೆ ಬಾಗಿ ಕೈಗೇ ಬಂದು ಸೇರುವ, ಹಿಂದೆ ಹಾಲಿನವರ ಸೈಕಲಿನಲ್ಲಿ ಇರುತ್ತಿದ್ದದ್ದೊಂದು. "ಮೀಸೆ ಬೇಕಾ, ಚಿಟ್ಟೆ ಬೇಕಾ, ಬೇಗ ಹೇಳಿ" ಎಂದರು. ಬೇಗ! ನಾನು ಮನೆಗೆ ಹೋಗಿ ಫೋನಿನಲ್ಲಿ ವಿಡಿಯೋ ನೋಡಿದೆ. ಗಡ್ಡ ಬಿಟ್ಟ ಬಿಳಿಯನೊಬ್ಬ ನೇರ ಹ್ಯಾಂಡಲಿನಿಂದ ಮಣಿಕಟ್ಟು ಹಾಳಾಗುತ್ತದೆಂದು ಆಣೆಯಿಟ್ಟು ಹೇಳಿದ. ಗಡ್ಡವಿಲ್ಲದ ಇನ್ನೊಬ್ಬ ಮಣಿಕಟ್ಟು ಉಳಿಯುವುದೇ ನೇರ ಹ್ಯಾಂಡಲಿನಿಂದ ಎಂದ. ಯಾರನ್ನು ನಂಬುವುದು? ಶಾಲೆಯಿಂದ ಕೋನಮಾಪಕ ತಂದು, ಜಗಲಿಯಲ್ಲಿ ಸೈಕಲನ್ನು ಸ್ಟ್ಯಾಂಡಿಗೆ ಹಾಕಿ ಕೂತು, ನನ್ನ ಮೊಣಕೈ ಎಷ್ಟು ಡಿಗ್ರಿ ಮಡಚುತ್ತದೆಂದು ಅಳೆದೆ. ಬಲಗೈ ಎಡಗೈಗಳ ಉತ್ತರ ಬೇರೆಬೇರೆ ಬಂತು. ಒಬ್ಬನೇ ಮನುಷ್ಯನಿಗೆ ಎರಡು ಅಳತೆ ಇದ್ದರೆ ಹ್ಯಾಂಡಲು ಯಾವ ಕೈಯನ್ನು ಕೇಳಬೇಕು?

ಮೀಸೆ ಹ್ಯಾಂಡಲು ಹಾಕಿಸಿ ಎರಡು ದಿನ ಓಡಿಸಿದೆ. ಬೆನ್ನಿಗೆ ಸುಖವಾಯಿತು, ಹೆಗಲು ಸೆಟೆದುಕೊಂಡಿತು. ಚಿಟ್ಟೆಯನ್ನು ಹಾಕಿಸಿದೆ. ಕೈಯಿಡಲು ಆರು ಜಾಗ ಇದ್ದವು, ಆರರಲ್ಲಿ ಯಾವುದೆಂದು ಯೋಚಿಸುತ್ತ ಸರ್ವಿಸ್ ರಸ್ತೆಯ ಚರಂಡಿಗೆ ಇಳಿದೆ. ಒಂದೊಂದಕ್ಕೂ ಬ್ರೇಕಿನ ತಂತಿ ಬಿಚ್ಚಿ ಕಟ್ಟಬೇಕು; ಮೊಯ್ದುಕ್ಕನ ತಾಳ್ಮೆ ದೊಡ್ಡದು, ಆದರೂ ಅದಕ್ಕೊಂದು ತುದಿ ಇತ್ತು. "ಮಾಸ್ಟ್ರೇ, ನೀವು ಹ್ಯಾಂಡಲ್ ಹುಡುಕುವುದಾ, ಮಗಳಿಗೆ ಗಂಡು ಹುಡುಕುವುದಾ? ಇಷ್ಟು ವಿಚಾರಣೆ ನನ್ನ ಅಳಿಯನಿಗೂ ನಾವು ಮಾಡಿರಲಿಲ್ಲ ಮಾರಾಯ್ರೆ" ಎಂದರು. ನಾನು ಸ್ಟಾಫ್ ರೂಮಿನಲ್ಲಿ ಕೇಳಿದೆ, ಬಸ್ ಸ್ಟಾಪಿನಲ್ಲಿ ಕೇಳಿದೆ, ಮೀನು ತರುವವರನ್ನೂ ನಿಲ್ಲಿಸಿ ಕೇಳಿದೆ. ಸ್ಟಾಫ್ ರೂಮಿನ ಕರಿಹಲಗೆಯ ಮೇಲೆ ನಾಲ್ಕೂ ಹ್ಯಾಂಡಲುಗಳ ಚಿತ್ರ ಬರೆದು ವಿವರಿಸಿದ ದಿನ ನನ್ನ ಸಹೋದ್ಯೋಗಿಗಳೆಲ್ಲ ಗಂಟೆ ಹೊಡೆಯುವ ಮೊದಲೇ ತರಗತಿಗೆ ಹೊರಟುಹೋದರು. ಎಂಥ ಕರ್ತವ್ಯನಿಷ್ಠೆ ಎಂದುಕೊಂಡೆ. ಇತ್ತ ಮದುವೆಗೆ ಉಳಿದದ್ದು ಒಂದೇ ವಾರ. ಸುಮತಿ ತೆಗೆದಿಟ್ಟಿದ್ದ ಸೀರೆಯನ್ನು ಮಡಚಿ ಮತ್ತೆ ಕಪಾಟಿಗೆ ಸೇರಿಸಿದಳು. ಅದನ್ನು ನೋಡಿ ನನಗೆ ಹ್ಯಾಂಡಲೂ ಬೇಡ, ಸೈಕಲೂ ಬೇಡ ಅನ್ನಿಸಿತು. ಶನಿವಾರ ಸಂಜೆ ಮೊಯ್ದುಕ್ಕನ ಹತ್ತಿರ ಹೋಗಿ, "ನೀವೇ ಯಾವುದಾದರೂ ಒಂದು ಹಾಕಿ, ನನ್ನನ್ನು ಕೇಳಬೇಡಿ" ಎಂದೆ. ಅವರು ಹಾಲಿನವರದ್ದನ್ನು ಹಾಕಿದರು. ಸ್ಕ್ರೂ ಬಿಗಿ ಮಾಡಿ ಸ್ಪ್ಯಾನರನ್ನು ಒಳಗೆ ಬಚ್ಚಿಟ್ಟರು.

ಭಾನುವಾರ ಹತ್ತು ಗಂಟೆ ಕಳೆದು ಹೊರಟೆ. ಆಹಾ! ಬೆನ್ನು ನೆಟ್ಟಗೆ, ತಲೆ ಮೇಲೆ, ಕುರ್ಚಿಯಲ್ಲಿ ಕೂತು ಊರು ನೋಡಿದ ಹಾಗೆ. ಕ್ಷೌರದಂಗಡಿಯವನಿಗೆ ಕೈಯೆತ್ತಿ ನಕ್ಕೆ, ಅವನೂ ಮೆಟ್ಟಿಲ ಮೇಲಿಂದ ನಕ್ಕ. ಅಷ್ಟರಲ್ಲಿ ಬಸ್ಸುಗಳು ನಿಲ್ಲುವಲ್ಲಿ ಭಾವ ಕಂಡರು. ಕೈಯಲ್ಲಿ ಅದೇ ಕಾಗದದ ಕಟ್ಟು, ಸ್ವಲ್ಪ ತೆಳ್ಳಗಾಗಿತ್ತು. ಎಷ್ಟು ಬೈದರೂ ಕೇಳಿಕೊಳ್ಳುವುದೆಂದು ನಿಶ್ಚಯಿಸಿ ಸೈಕಲ್ ನಿಲ್ಲಿಸಿದೆ. ಭಾವನ ಮುಖದಲ್ಲಿ ಸಿಟ್ಟೇ ಇರಲಿಲ್ಲ. "ಓಹೋ ಭಾವ! ಎಲ್ಲಿಗೆ ಸವಾರಿ?" ಎಂದರು.

"ಮಂಗಲ್ಪಾಡಿವರೆಗೆ ಹೋಗಿ ಬರುವ ಅಂತ. ಭಾವ, ಆ ದಿನ ನಾನು ನಿಮ್ಮನ್ನು ನೋಡದೆ ಹೋದದ್ದು..."

"ಅದೆಲ್ಲ ಎಂತ ಇಲ್ಲ, ಬಿಡಿ. ತಿರುಗಿ ಬರುವಾಗ ಎಷ್ಟು ಹೊತ್ತಾಗ್ತದೆ?"

"ಒಂದೂವರೆ ಗಂಟೆಯಾದರೂ ಬೇಕು."

"ಹೋಗಿ, ಹೋಗಿ. ನಿಧಾನ ಹೋಗಿ. ಅವಸರ ಬೇಡ" ಎಂದು ಬೆನ್ನು ತಟ್ಟಿ ಕಳಿಸಿದರು. ಮದುವೆಯ ಸುದ್ದಿಯೇ ಇಲ್ಲ! ಬೈದಿದ್ದರೆ ಸಹಿಸಬಹುದಿತ್ತು, ಈ ಪ್ರೀತಿಯನ್ನು ಹೇಗೆ ಅರ್ಥ ಮಾಡಿಕೊಳ್ಳುವುದೋ ತಿಳಿಯಲಿಲ್ಲ. ಸಂಬಂಧ ಇನ್ನು ರಸ್ತೆಯ ಮೇಲೆ ಮಾತ್ರ ಎಂದೋ? ಹೋಗುವಾಗಲೂ ಬರುವಾಗಲೂ ಅದನ್ನೇ ಯೋಚಿಸಿದೆ. ಸುಮತಿಗೆ ಯಾವ ಮುಖ ಹೊತ್ತು ಹೇಳುವುದು?

ಮನೆಗೆ ಬಂದರೆ ಸುಮತಿ ಜಗಲಿಯಲ್ಲಿ ನಗುತ್ತ ನಿಂತಿದ್ದಾಳೆ! ಒಳಗೆ ಮೇಜಿನ ಮೇಲೆ ಅರಸಿನ ಹಚ್ಚಿದ ಮದುವೆ ಕಾಗದ, ಪಕ್ಕದಲ್ಲಿ ಖಾಲಿ ಲೋಟ. ಸೀರೆ ಕಪಾಟಿನಿಂದ ಹೊರಗೆ ಬಂದಿದೆ. "ಅಣ್ಣ ಬಂದಿದ್ದ. ಹೇಳಿಕೆ ಆಯ್ತು. ಇಬ್ಬರೂ ಮುಂಚಿನ ದಿನವೇ ಬರಬೇಕಂತೆ" ಎಂದಳು.

"ಈಗಷ್ಟೇ ರಸ್ತೆಯಲ್ಲಿ ಸಿಕ್ಕಿದರಲ್ಲ! ನಾನಿಲ್ಲದಾಗ ಯಾಕೆ ಬಂದದ್ದು?"

ಸುಮತಿ ಸೆರಗಿನ ತುದಿ ತಿರುವಿದಳು. "ನಾಲ್ಕು ಸಲ ಗೇಟಿನವರೆಗೆ ಬಂದು ತಿರುಗಿ ಹೋದದ್ದಂತೆ. ನೀವು ಜಗಲಿಯಲ್ಲಿ ಸೈಕಲ್ ಮೇಲೆ ಕೂತದ್ದು ಕಂಡು."

"ಸಿಟ್ಟಾ?"

"ಸಿಟ್ಟೆಲ್ಲ ಎಂತದೂ ಇಲ್ಲ. ಅವನಿಗೆ ಇನ್ನೂ ಮೂವತ್ತು ಮನೆಗೆ ಹೇಳಿಕೆ ಹೇಳ್ಲಿಕ್ಕೆ ಉಂಟು. 'ಭಾವನ ಹತ್ತಿರ ಕೂತರೆ ಹ್ಯಾಂಡಲಿನ ಸುದ್ದಿ ಮುಗಿಯುವಾಗ ಕಡೆಯ ಬಸ್ಸು ಹೋಗಿರ್ತದೆ. ಮತ್ತೆ ನನ್ನ ಮಗಳ ಮದುವೆಗೆ ಜನ ಕರೆಯುವುದು ಯಾರು?' ಅಂತ ಕೇಳಿದ. ನಾನು ಎಂತ ಹೇಳುವುದು ಹೇಳಿ? ಊರಿನವರೆಲ್ಲ ಹಾಗೆಯೇ ಹೇಳ್ತಾರಂತೆ. ಈ ಹೊಸ ಹ್ಯಾಂಡಲ್ ಅವನಿಗೆ ತುಂಬಾ ಮನಸ್ಸಿಗೆ ಬಂತು. ತೆಗೆಯುವುದು ಬೇಡ ಅಂದಿದ್ದಾನೆ. ನೀವು ಬರುವುದು ದೂರದಿಂದಲೇ ಕಾಣ್ತದಂತೆ."

ನಾನು ಜಗಲಿಯ ಮೆಟ್ಟಿಲಲ್ಲಿ ಕುಸಿದು ಕೂತೆ. ಸ್ಟಾಫ್ ರೂಮಿನವರ ಕರ್ತವ್ಯನಿಷ್ಠೆಯ ಅರ್ಥ ಆಗ ತಿಳಿಯಿತು, ಮೀನಿನವರು ಮೂರು ದಿನದಿಂದ ನಮ್ಮ ಗೇಟಿನ ಮುಂದೆ ಕೂಗದೆ ಹೋಗುತ್ತಿದ್ದದ್ದು ಯಾಕೆಂದೂ ತಿಳಿಯಿತು. ನಾಚಿಕೆಯಾಯಿತು, ನಿಜವಾಗಿ ಆಯಿತು. ಮದುವೆಯಲ್ಲಿ ವಧೂವರರ ವಿಷಯ, ಊಟದ ವಿಷಯ ಬಿಟ್ಟು ಬೇರೆ ಮಾತಿಗೆ ಬಾಯಿ ತೆರೆಯುವುದಿಲ್ಲ ಎಂದು ಸುಮತಿಗೆ ಮಾತು ಕೊಟ್ಟೆ. ಅವಳು ನಂಬಿದವಳಂತೆ ತಲೆಯಾಡಿಸಿದಳು. ಒಳಗಿಂದ ನೀರು ತಂದುಕೊಟ್ಟು ನನ್ನ ಪಕ್ಕದಲ್ಲೇ ಕೂತಳು. ಎಷ್ಟೋ ದಿನದ ಮೇಲೆ ಮನೆಯಲ್ಲಿ ನೆಮ್ಮದಿ ಇತ್ತು.

"ಆದರೆ ಸುಮತೀ, ಇದೇ ಹ್ಯಾಂಡಲನ್ನು ಇನ್ನೊಂದು ಅರ್ಧ ಇಂಚು ಮೇಲಕ್ಕೆ..." ಎಂದೆ.

"ಅಯ್ಯೋ, ಒಲೆಯಲ್ಲಿ ಹಾಲುಂಟು!" ಎಂದು ಅವಳು ಒಳಗೆ ಓಡಿದಳು.

ನಮ್ಮ ಮನೆಯಲ್ಲಿ ಮಧ್ಯಾಹ್ನ ಹಾಲು ಕಾಯಿಸುವ ಪದ್ಧತಿ ಇಲ್ಲ.