ಇನ್ನೂರ ಇಪ್ಪತ್ತೆರಡರ ಬಂದೂಕು

ದಿನವೂ ಸ್ತೋತ್ರ ಹೇಳುವ ಬಾಯಲ್ಲೇ ಒಂದು ನಿಜವನ್ನೂ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಒಂದು ಬಂದೂಕಿದೆ. ಅದನ್ನು ಆರಿಸಿದವಳು ನಾನೇ. ಇರುವೆ ಸಾಲು ಕಂಡರೆ ದಾಟಿಕೊಂಡು ನಡೆಯುವ, ಏಕಾದಶಿಗೆ ಹಾಲು ಹಣ್ಣಿನಲ್ಲೇ ದಿನ ಕಳೆಯುವ ಹೆಂಗಸು ಬಂದೂಕಿನ ಅಂಗಡಿಯಲ್ಲಿ ನಿಂತು "ಅದಲ್ಲ, ಇದು" ಎಂದು ಬೆರಳು ತೋರಿಸಿದಳು ಎಂದರೆ ನೀವು ನಂಬುವುದು ಕಷ್ಟ. ಸೀರೆ ಅಂಗಡಿಯಲ್ಲೂ ನಾನು ಅಷ್ಟು ಖಚಿತವಾಗಿ ಬೆರಳು ತೋರಿಸಿದವಳಲ್ಲ.

ಎಲ್ಲಕ್ಕೂ ಮೂಲ ನಮ್ಮ ಹಿತ್ತಲು. ಅಮೆರಿಕದ ಸಮರ್‌ಸೆಟ್‌ನ ಈ ಮನೆಯ ಹಿಂದೆ ನಾನು ಅವರೆ, ಮೆಂತ್ಯ, ಒಂದಿಷ್ಟು ಬಸಳೆ ಹಾಕಿಕೊಂಡಿದ್ದೇನೆ. ಅದನ್ನೆಲ್ಲ ಮೇಯುವುದಕ್ಕೆ ಬೇಲಿಯ ಕೆಳಗಿನಿಂದ ಗ್ರೌಂಡ್‌ಹಾಗ್ ಬರುತ್ತದೆ. ನೋಡದವರಿಗೆ ಹೇಳುವುದಾದರೆ, ನಮ್ಮ ಹೆಗ್ಗಣಕ್ಕೆ ದೊಡ್ಡಪ್ಪನ ಹಾಗಿರುವ ಪ್ರಾಣಿ. ಅವರೆ ಹೂ ಬಿಟ್ಟ ವಾರವೇ ಅದು ಬುಡದವರೆಗೂ ತಿಂದುಹಾಕಿತು. ನಾನು ಎರಡು ದಿನ ಗೊಣಗಿ ಸುಮ್ಮನಾದೆ. ನಮ್ಮವರು ಮಾತ್ರ ಸುಮ್ಮನಾಗಲಿಲ್ಲ. ಊರೊಳಗೆ ಗುಂಡು ಹಾರಿಸುವ ಹಾಗಿಲ್ಲ ಎಂದು ಗೊತ್ತಾದಾಗ, ಆಫೀಸಿನ ಟಾಮ್ ತನ್ನ ಅಣ್ಣನ ಹೊಲಕ್ಕೆ ಕರೆದನಂತೆ. ಅಲ್ಲಿ ಸೋಯಾ ಬೆಳೆಗೆ ಇದೇ ಕಾಟ. "ಇಲ್ಲಿರೋದನ್ನ ಏನೂ ಮಾಡೋಕಾಗಲ್ಲ. ಅದರ ದಾಯಾದಿಗಳನ್ನಾದ್ರೂ ನೋಡ್ಕೋತೀನಿ ಬಿಡು" ಎಂದರು. ದಾಯಾದಿಗಳ ಪಾಲಿಗೆ ಇದು ಯಾವ ನ್ಯಾಯ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಟೋಸ್ಟರ್ ಕೊಳ್ಳುವುದಕ್ಕೂ ಎಕ್ಸೆಲ್ ಶೀಟ್ ಮಾಡುವ ಮನುಷ್ಯ ಇವರು. ಊಟದ ತಟ್ಟೆಯ ಪಕ್ಕ ಫೋನಿಟ್ಟುಕೊಂಡು ಗುಂಡಿನ ವೇಗ, ನಳಿಕೆಯ ಉದ್ದ ಎಂದೆಲ್ಲ ಓದಿ ಹೇಳುವರು. ನಾನು ಹುಳಿ ಬಡಿಸುತ್ತಾ, ಇವರ ಕೈಯಿಂದ ಒಂದು ಜೀವ ಹೋದರೆ ಮಾರನೆಯ ದಿನ ಅದೇ ಕೈ ದೇವರಿಗೆ ಹೂವಿಡಬೇಕಲ್ಲ ಎಂದು ಒಳಗೇ ಬೇಯುತ್ತಿದ್ದೆ. ಆಯುಧಪೂಜೆಯ ದಿನ ಕಾರಿಗೆ, ಮಿಕ್ಸಿಗೆ, ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟವಳು ನಾನು. ಇದಕ್ಕೂ ಇಡಬೇಕಾ? ನಿಜವಾದ ಆಯುಧ ಅದೊಂದೇ ಅಲ್ಲವೇ? ಪೊಲೀಸರಿಂದ ಅನುಮತಿ ಕಾರ್ಡು ಬರಲು ತಿಂಗಳುಗಟ್ಟಲೆ ಹಿಡಿಯಿತು. ಸರ್ಕಾರಿ ಕೆಲಸ ನಿಧಾನವಾದದ್ದಕ್ಕೆ ದೇವರಿಗೆ ತುಪ್ಪದ ದೀಪ ಹಚ್ಚಿದವಳು ಈ ನ್ಯೂಜೆರ್ಸಿಯಲ್ಲಿ ನಾನೊಬ್ಬಳೇ ಇರಬೇಕು. ಕೊನೆಗೆ ಕಾರ್ಡೂ ಬಂತು.

ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದರು. ಗೋಡೆಯುದ್ದಕ್ಕೂ ಬಂದೂಕುಗಳು. ಅಂಗಡಿಯ ಮುದುಕ ಬಲು ಮರ್ಯಾದಸ್ಥ. ಒಂದು ಬಂದೂಕು ಇಳಿಸಿ, ಅದರ ಬಾಗಿಲ ಚಿಲಕದಂಥದ್ದನ್ನು ಎಳೆದು ತಳ್ಳಿ ತೋರಿಸಿದ. ಪ್ರತಿ ಗುಂಡಿಗೂ ಹಾಗೆ ಮಾಡಬೇಕಂತೆ. ಅಷ್ಟರಲ್ಲಿ ಪ್ರಾಣಿ ಓಡಿಹೋಗಲು ಹೊತ್ತು ಸಿಗುತ್ತದಲ್ಲ ಎಂದು ಒಂದು ಸಣ್ಣ ಸಮಾಧಾನ. ಆಮೇಲೆ ನೋಡಲು ಒಂದೇ ಥರದ ಎರಡನ್ನು ಮುಂದಿಟ್ಟ. ಒಂದು, ಗುಂಡಿನ ಅಳತೆಯ ನಂಬರಿನಲ್ಲಿ, ಇನ್ನೂರ ಇಪ್ಪತ್ಮೂರು. ಅದರ ಗುಂಡು ಎಲ್ಲ ಕಡೆ ಸಿಗುತ್ತದೆ. ಇನ್ನೊಂದು ಇನ್ನೂರ ಇಪ್ಪತ್ತೆರಡು. ಹಳೇ ಕಾಲದ್ದು, ಗುರಿ ಬಹಳ ಚೊಕ್ಕ, ಆದರೆ ಅದರ ಗುಂಡು ಸಿಗುವುದೇ ಕಷ್ಟ.

"ಒಂದೇ ನಂಬರ್ ಅಲ್ವಾ ಹೆಚ್ಚು ಕಮ್ಮಿ? ಅದರದ್ದು ಇದಕ್ಕೆ ಆಗಲ್ವಾ?" ಎಂದು ಇವರಿಂದ ಕೇಳಿಸಿದೆ. ಮುದುಕ ಎರಡೂ ಕೈ ಆಡಿಸಿ, ಹಾಗೆ ಮಾಡಲೇಕೂಡದು ಎಂದ. ಈಗ ಇನ್ನೂರ ಇಪ್ಪತ್ತೆರಡರದ್ದು ನಿಮ್ಮಲ್ಲಿ ಎಷ್ಟಿದೆ ಎಂದರೆ, ಒಂದೂ ಇಲ್ಲ, ಯಾವಾಗ ಬರುತ್ತದೋ ಹೇಳಲಾರೆ ಎಂದ.

ನನಗೆ ನಮ್ಮ ಹಳೇ ಮಿಕ್ಸಿ ನೆನಪಾಯಿತು. ಯಾರೂ ಕೇಳಿರದ ಕಂಪನಿಯದು. ಅದರ ಜಾರಿನ ರಬ್ಬರ್ ಎಲ್ಲೂ ಸಿಗದೆ ಆರು ವರ್ಷ ಅಟ್ಟದ ಮೇಲೆ ಕೂತಿತ್ತು. ಬಿಡಿಭಾಗ ಸಿಗದ ಯಂತ್ರದಷ್ಟು ಸಾಧು ಜೀವಿ ಇನ್ನೊಂದಿಲ್ಲ. ಬೆರಳು ತಾನಾಗಿ ಮೇಲೆದ್ದಿತು. "ಇದೇ ಇರಲಿ ರೀ. ಎಷ್ಟು ಲಕ್ಷಣವಾಗಿದೆ!" ನಮ್ಮವರು ನನ್ನನ್ನೇ ಒಂದು ಗಳಿಗೆ ನೋಡಿ, ಕ್ರೆಡಿಟ್ ಕಾರ್ಡು ತೆಗೆದರು.

ಬಂದೂಕು ಬೇಸ್‌ಮೆಂಟಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗದೊಳಗೆ ಕೂತಿತು. ಗುಂಡು ಸಿಗಲಿಲ್ಲ. ಟಾಮ್ ಪ್ರತಿ ವಾರ ಫೋನ್ ಮಾಡುವನು, ಇವರು "ನೆಕ್ಸ್ಟ್ ಸ್ಯಾಟರ್ಡೇ" ಎನ್ನುವರು. ಶುಕ್ರವಾರದ ಭಜನೆಯಲ್ಲಿ ಯಾರೋ ಬಂದೂಕಿನ ವಿಷಯ ವಿಚಾರಿಸಿದಾಗ ನಾನು ನಿಟ್ಟುಸಿರುಬಿಟ್ಟು, "ಪಾಪ, ಎಷ್ಟು ಹುಡುಕಿದರೂ ಗುಂಡೇ ಸಿಗ್ತಿಲ್ಲ ಇವರಿಗೆ" ಎಂದೆ. ನಿಟ್ಟುಸಿರು ಸ್ವಲ್ಪ ಹೆಚ್ಚೇ ಚೆನ್ನಾಗಿ ಬಂದಿರಬೇಕು. ಎಪ್ಪತ್ತು ದಾಟಿದ ಪದ್ಮಾ ಆಂಟಿ ನನ್ನ ಕೈ ಹಿಡಿದು, "ಯಾವ ನಂಬರು ಬರ್ಕೊಡೇ. ಇವತ್ತು ಮಂಗಳಾರತಿಲಿ ಎಲ್ಲಾರೂ ಸೇರಿ ಕೇಳ್ಕೊಳ್ಳೋಣ" ಎಂದರು. ಹನ್ನೊಂದು ಜನ ಹೆಂಗಸರು ಕಣ್ಮುಚ್ಚಿ ನನ್ನ ಗಂಡನಿಗೆ ಗುಂಡು ಕೊಡು ಎಂದು ಬೇಡಿಕೊಂಡರು. ಹನ್ನೆರಡನೆಯವಳು ಮಾತ್ರ ಕೊಡಬೇಡಪ್ಪಾ ಎಂದಳು. ಬಹುಮತ ಗೆದ್ದಿತು.

ಹತ್ತು ದಿನದ ಮೇಲೆ ಪದ್ಮಾ ಆಂಟಿ ನಾನು ಪುಳಿಯೋಗರೆ ಕಳಿಸಿದ್ದ ಸ್ಟೀಲ್ ಡಬ್ಬಿ ಹಿಂತಿರುಗಿಸಲು ಬಂದರು. "ಖಾಲಿ ಡಬ್ಬಿ ಕೊಡಬಾರದಲ್ಲ" ಎಂದು ನಕ್ಕರು. ಮುಚ್ಚಳ ತೆಗೆದರೆ ಮೇಲೊಂದು ಕಲ್ಲುಸಕ್ಕರೆ ಪೊಟ್ಟಣ, ಕೆಳಗೆ ಹಳೇ ರಟ್ಟಿನ ಎರಡು ಪೆಟ್ಟಿಗೆ ಗುಂಡು. ನಂಬರೂ ಸರಿಯಾಗಿಯೇ ಇತ್ತು. "ಪೆನ್ಸಿಲ್ವೇನಿಯಾದ ನಮ್ಮ ಬೀಗರ ಹತ್ರ ಇತ್ತು ಕಣೇ. ಮಗಳ ಮದುವೆಯಾದಾಗಿನಿಂದ ನಾನು ಅವರನ್ನ ಏನೂ ಕೇಳಿರಲಿಲ್ಲ. ಎಷ್ಟು ಖುಷಿಪಟ್ಟರು ಗೊತ್ತಾ!"

ಅವರು ಹೋದ ಮೇಲೆ ಡಬ್ಬಿಯನ್ನು ಅಕ್ಕಿ ಚೀಲದ ಹಿಂದಿಟ್ಟೆ. ಮನಸ್ಸು ತಡೆಯದೆ ತೆಗೆದೆ. ಮತ್ತೆ ಇಟ್ಟೆ. ಅಷ್ಟರಲ್ಲಿ ಗರಾಜಿನ ಬಾಗಿಲ ಸದ್ದಾಯಿತು. ಮುಚ್ಚಿಡುವುದು ಕಳ್ಳತನ, ಕೊಡುವುದು ಕೊಲೆ. ಡಬ್ಬಿಯನ್ನು ಟೇಬಲ್ಲಿನ ಮೇಲಿಟ್ಟೆ.

"ಏನೇ, ಕೋಡುಬಳೆನಾ?" ಎನ್ನುತ್ತಾ ಇವರು ಮುಚ್ಚಳ ತೆಗೆದರು. ಮುಖ ಬಿಳಿಚಿಕೊಂಡಿತು.

"ಸಿಕ್ಕಿಬಿಡ್ತಾ?" ಎಂದರು ಮೆಲ್ಲಗೆ. "ಗುಂಡಿಲ್ಲ ಅಂತ ಹೇಳ್ಕೊಂಡೇ ಟಾಮ್‌ನಿಂದ ತಪ್ಪಿಸ್ಕೊಳ್ತಿದ್ದೆ. ಈಗ ಶನಿವಾರ ಹೋಗಲೇಬೇಕು."

ಕುಕ್ಕರ್ ಕೂಗಿತು. ನಾನು ಒಲೆ ಆರಿಸಿ ಬಂದು ಅವರ ಎದುರು ಕೂತೆ.

"ಹೋಗಬೇಡಿ ರೀ" ಎಂದೆ. "ನಿಮ್ಮ ಕೈಯಿಂದ ಒಂದು ಜೀವ ಹೋಗೋದು ನಂಗೆ ಬೇಡ."

"ಈ ಮಾತು ಅಂಗಡೀಲಿ ಹೇಳೋಕೇನಾಗಿತ್ತೇ?"

"ನೀವು ಅಷ್ಟು ಆಸೆ ಇಟ್ಕೊಂಡಿದ್ರಿ."

"ನಂಗೆ ಅಂಗಡಿ ಬಾಗಿಲಲ್ಲೇ ಭಯ ಆಗಿತ್ತು. ನೀನು ನೋಡಿದ್ರೆ ಲಕ್ಷಣವಾಗಿದೆ ಅಂತ ಬೆರಳು ತೋರಿಸ್ದೆ. ಹೆಂಡತಿಗೇ ಇಷ್ಟು ಉತ್ಸಾಹ ಇರುವಾಗ ನಾನು ಹಿಂದೆ ಸರಿಯೋದು ಹೇಗೆ?"

ಆ ಸಂಜೆಯೇ ಟಾಮ್‌ಗೆ ಫೋನ್ ಮಾಡಿ, ತಮ್ಮಿಂದಾಗದು ಎಂದು ಹೇಳಿಬಿಟ್ಟರು. ಅವನು "ನೋ ಪ್ರಾಬ್ಲಂ" ಎಂದನಂತೆ, ಅಷ್ಟೇ. ನಾವಿಬ್ಬರೂ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆವು.

ಶುಕ್ರವಾರ ಭಜನೆ ಮುಗಿದ ಮೇಲೆ ಪದ್ಮಾ ಆಂಟಿ ಎಲ್ಲರ ಎದುರಿಗೆ, "ಏನೇ, ಉಪಯೋಗಕ್ಕೆ ಬಂತಾ?" ಎಂದು ಕೇಳಿದರು.

"ತುಂಬ ಉಪಯೋಗ ಆಯ್ತು ಆಂಟಿ" ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ.

"ಹಾಗಾದ್ರೆ ಬೀಗರಿಗೆ ಹೇಳಿ ಇನ್ನೂ ನಾಲ್ಕು ಪೆಟ್ಟಿಗೆ ತರಿಸ್ತೀನಿ. ಬೇಕು ತಾನೇ?"

ಬೇಡ ಎನ್ನುವುದು ಎಷ್ಟು ಸುಲಭ ಎಂದು ಆ ವಾರವಷ್ಟೇ ಕಲಿತಿದ್ದ ನಾನು ಅವರ ಅರಳಿದ ಮುಖ ನೋಡಿದೆ. "ನಿಮಗೆ ತೊಂದರೆ ಆಗದಿದ್ದರೆ, ಆಂಟಿ" ಎಂದೆ.