ಸಾರಿಗೂ ಅನ್ವಯಿಸಿದ ಶಿಕ್ಷಣ ಕಾಯ್ದೆ

ದೆಹಲಿಯಲ್ಲಿ ಮಾಡಿದ ಶಿಕ್ಷಣದ ಕಾಯ್ದೆಗಳು ಶಾಲೆಯ ಗೇಟಿನ ಹತ್ತಿರ ನಿಂತುಬಿಡುತ್ತವೆ ಎಂದು ನೀವು ತಿಳಿದಿದ್ದರೆ, ನೀವು ಟೀಚರನ್ನು ಮದುವೆಯಾದವರಲ್ಲ. ನಮ್ಮ ಮನೆಯಲ್ಲಿ ಅಂಥದೊಂದು ಕಾಯ್ದೆ ಅಡುಗೆಮನೆಯ ತನಕ ಬಂದಿತ್ತು. ನನ್ನ ಹೆಂಡತಿ ಸುಮಂಗಲಾ ಸೊರಬದ ಹತ್ತಿರದ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಟೀಚರು. ‘ಟೀಚರಾಗಿದ್ದಳು’ ಎಂದು ಬರೆಯಬೇಕು. ಬಹಳ ದಿನ ಹಾಸಿಗೆ ಹಿಡಿದು ಹೋದ ವರ್ಷ ತೀರಿಕೊಂಡಳು. ಕೈ ಇನ್ನೂ ಹಳೆಯ ರೂಢಿಯಲ್ಲೇ ಬರೆಯುತ್ತದೆ.

ನಾನು ಓದುವಾಗ ನಾಲ್ಕನೇ ತರಗತಿಯಲ್ಲೇ ಫೇಲು ಮಾಡುತ್ತಿದ್ದರು. ಫೇಲಾದವರಲ್ಲಿ ಎಷ್ಟೋ ಜನ ಮರುವರ್ಷ ಶಾಲೆಗೆ ಬರದೆ ಎಮ್ಮೆಯ ಹಿಂದೆ ಹೋದರು. ಅವರನ್ನು ಯಾರೂ ಹುಡುಕಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಹುಡುಕುವುದೂ ಶಾಲೆಯ ಕೆಲಸವಾಯಿತು. ಆರರಿಂದ ಹದಿನಾಲ್ಕು ವರ್ಷದ ಮಗು ಎಲ್ಲಿದ್ದರೂ ಕರೆತರಬೇಕು, ಹೊಡೆಯುವಂತಿಲ್ಲ, ಎಂಟನೇ ತರಗತಿಯ ತನಕ ಫೇಲು ಮಾಡುವಂತಿಲ್ಲ. ಜೂನ್ ಬಂತೆಂದರೆ ಇವಳು ಶುಂಠಿ ಹೊಲದ ಕೂಲಿಯವರ ಶೆಡ್ಡುಗಳಿಗೆ ಹೊರಡುತ್ತಿದ್ದಳು, ಸ್ಕೂಟರ್ ಓಡಿಸಲು ನಾನು. ಬರುವಾಗ ನಮ್ಮಿಬ್ಬರ ನಡುವೆ ಮೂಗು ಸೋರುವ ಮಗುವೊಂದು ಕೂತಿರುತ್ತಿತ್ತು.

ಅವಳು ಹಾಸಿಗೆ ಹಿಡಿದಾಗ ನಾನು ಸಾರು ಮಾಡಲು ಹೊರಟೆ. ಹುಳಿ ಹೆಚ್ಚು, ಬೇಳೆ ಅರೆಬರೆ. ಅವಳು ಒಂದು ತುತ್ತು ಉಂಡು, ‘ಫೇಲ್ ಮಾಡೋ ಹಾಗಿಲ್ವಲ್ರೀ, ಮುಂದಿನ ಕ್ಲಾಸಿಗೆ ಹೋಗಿ’ ಎನ್ನುತ್ತಿದ್ದಳು. ಹೀಗೆ ಸಾರು ಕಲಿಯದೆಯೇ ನಾನು ಪಲ್ಯದ ತರಗತಿಗೆ ಬಂದೆ. ಆ ಕಾಯ್ದೆಯ ಮೇಲೆ ಜನರ ದೂರೂ ಇದೇ ಆಗಿತ್ತೆಂದು ಆಮೇಲೆ ತಿಳಿಯಿತು.

ಹೋದ ಭಾನುವಾರ ಶಿಕಾರಿಪುರದಿಂದ ಅವಳ ಅಕ್ಕ ಬಂದರು. ನನ್ನ ಸಾರು ಉಂಡು, ತಟ್ಟೆ ಸರಿಸಿ, ‘ಹುಡುಗಿ ಬಾಳ ಸೊರಗ್ಯಾಳ್ರೀ. ನಮ್ಮನ್ಯಾಗ ಇರ್ಲಿ. ನಮ್ಮೂರಾಗೂ ಸಾಲಿ ಐತಲ್ಲ’ ಎಂದರು. ಆ ಸಾರನ್ನು ನಾನೂ ಉಂಡಿದ್ದೆ. ಆದರೆ ಮಗಳು ಕಾವ್ಯ ಹೊರಟುಹೋದರೆ, ಈ ಮನೆಯಲ್ಲಿ ಅವಳ ಅಮ್ಮನ ಹಾಗೆ ಮಾತಾಡುವವರು ಯಾರೂ ಉಳಿಯುವುದಿಲ್ಲ.

ಎಂಟನೇ ತರಗತಿಯ ಕಾವ್ಯ ಕೈ ತೊಳೆದು ಬಂದು ಕೂತಳು.

‘ದೊಡ್ಡಮ್ಮ, ಕಾಯ್ದೆಗೆ ತಿದ್ದುಪಡಿ ಬಂದಿದೆ. ಈಗ ಐದು, ಎಂಟರಲ್ಲಿ ಫೇಲ್ ಮಾಡಬಹುದಂತೆ. ಅಮ್ಮನೇ ಹೇಳಿದ್ಲು. ಅಪ್ಪಂಗೆ ಹೇಳ್ಬೇಡ ಅಂದಿದ್ಲು.’

‘ಅದಕ್ಕ?’

‘ಅಪ್ಪ ಫೇಲು.’

ಅತ್ತಿಗೆ ನನ್ನನ್ನು ನೋಡಿದರು. ನಾನು ತಟ್ಟೆ ನೋಡಿದೆ.

‘ಆದ್ರೆ ಮತ್ತೆ ಹೇಳಿಕೊಟ್ಟು ಇನ್ನೊಂದು ಪರೀಕ್ಷೆ ಮಾಡ್ಬೇಕು. ಅದ್ರಲ್ಲೂ ಫೇಲಾದ್ರೆ ಅದೇ ಕ್ಲಾಸಲ್ಲಿ ಕೂರಿಸಬಹುದು. ಶಾಲೆಯಿಂದ ಹೊರಗೆ ಹಾಕೋ ಹಾಗಿಲ್ಲ. ನಾನು ಬರಲ್ಲ ದೊಡ್ಡಮ್ಮ.’

‘ಥೇಟ್ ಅವರವ್ವನ ಬಾಯಿ’ ಎಂದು ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅದೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಸ್ಸಿನ ಹೊತ್ತಾಗುವವರೆಗೂ ನನಗೆ ಬೇಳೆ ಬೇಯಿಸುವುದನ್ನು ಕಲಿಸಿದರು.

ನಿನ್ನೆ ಮರುಪರೀಕ್ಷೆ ನಡೆಯಿತು. ಬೇಳೆ ಚೆನ್ನಾಗಿ ಬೆಂದಿತ್ತು. ಉಪ್ಪು ಹಾಕುವುದನ್ನು ಮರೆತಿದ್ದೆ. ಕಾವ್ಯ ಉಪ್ಪಿನ ಡಬ್ಬಿ ತಂದಿಟ್ಟುಕೊಂಡು ಊಟ ಮುಂದುವರಿಸಿದಳು. ಹದಿನಾಲ್ಕು ದಾಟಿದ ನನ್ನಂಥವರಿಗೆ ಈ ಹಕ್ಕು ಇಲ್ಲ ಎಂಬುದು ಅವಳಿಗಿನ್ನೂ ಹೊಳೆದಿಲ್ಲ. ನಾನಂತೂ ಹೇಳುವುದಿಲ್ಲ.