ಅತ್ತೆಯ ಮಂಡಿಗೆ ನನ್ನ ತಣ್ಣೀರು

ತಪ್ಪು ಮಾಡಿ ಬೈಸಿಕೊಳ್ಳುವುದು ನನಗೆ ಅಭ್ಯಾಸವಾಗಿಹೋಗಿದೆ. ಕಾರ್ಖಾನೆಯಲ್ಲಿ ಮ್ಯಾನೇಜರು, ಮನೆಯಲ್ಲಿ ಹೆಂಡತಿ, ರಸ್ತೆಯಲ್ಲಿ ಮಟಾಟು ಎಂಬ ಬಾಡಿಗೆ ವ್ಯಾನು ಓಡಿಸುವವರು, ಎಲ್ಲರೂ ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಾರೆ. ನಾನೂ ತಲೆ ತಗ್ಗಿಸಿ ಕೇಳಿಸಿಕೊಂಡು, ಊಟ ಮಾಡಿ ಮಲಗುತ್ತೇನೆ. ಆದರೆ ಮಾಡದ ಒಳ್ಳೆಯ ಕೆಲಸಕ್ಕೆ ಹೊಗಳಿಸಿಕೊಳ್ಳುವುದಿದೆಯಲ್ಲ, ಆ ಸಂಕಟ ಶತ್ರುವಿಗೂ ಬೇಡ. ಬೈದವರಿಗೆ ಎದುರು ಮಾತಾಡಬಹುದು, ಹೊಗಳಿದವರಿಗೆ ಏನೆನ್ನುವುದು? ಅದರಲ್ಲೂ ಹೊಗಳುವವರು ಅತ್ತೆಯಾಗಿದ್ದು, ಮದುವೆಯಾದಾಗಿನಿಂದ ಮೊದಲ ಸಲ ಹೊಗಳುತ್ತಿದ್ದರೆ, ನಿಜ ಹೇಳಲು ಬಾಯಾದರೂ ಹೇಗೆ ಬರುತ್ತದೆ?

ಇದೆಲ್ಲ ಶುರುವಾದದ್ದು ಸಮುದ್ರದಿಂದ. ನೈರೋಬಿಯ ಔಷಧಿ ಕಾರ್ಖಾನೆಯೊಂದರಲ್ಲಿ ಮಾತ್ರೆಗಳ ಗುಣಮಟ್ಟ ನೋಡುವುದು ನನ್ನ ಕೆಲಸ. ಜೊತೆಯಲ್ಲಿರುವ ಕಿಮಾನಿಗೆ ಸ್ಕೂಬಾ ಹುಚ್ಚು, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವ ಹುಚ್ಚು. ಅವನು ನನ್ನನ್ನೂ ಮೊಂಬಾಸಾ ಕಡೆಗೆ ಕರೆದೊಯ್ದು, ಕಲಿಸಿ ಕೆಡಿಸಿದ. ಅಲ್ಲಿಯ ನೀರು ಯಾರೋ ನಮಗೆಂದೇ ಕಾಯಿಸಿಟ್ಟ ಹಾಗೆ ಬೆಚ್ಚಗಿರುತ್ತದೆ. ಅಷ್ಟಕ್ಕೇ ನಾನು ತೃಪ್ತನಾಗಬೇಕಿತ್ತು. ಒಂದು ದಿನ ಕ್ಯಾಂಟೀನಿನಲ್ಲಿ ಕಿಮಾನಿ ಕೇಪ್ ಟೌನಿನ ಸಮುದ್ರದ ಮಾತೆತ್ತಿದ. ಮೈ ಕೊರೆಯುವ ತಣ್ಣೀರು, ತೆಂಗಿನಮರದೆತ್ತರದ ಪಾಚಿಯ ಕಾಡು, ಅದರ ನಡುವಿನಿಂದ ಸೀಲ್ ಎಂಬ ಕಡಲಪ್ರಾಣಿಗಳು ನಾಯಿಮರಿಗಳ ಹಾಗೆ ಬಂದು ಕಾಲು ಕಚ್ಚಿ ಆಟವಾಡುತ್ತವಂತೆ. ಊಟದ ಬಿಡುವು ಮುಗಿಯುವುದರೊಳಗೆ ಸೆಪ್ಟೆಂಬರಿಗೆ ರಜೆ ಹಾಕುವುದೆಂದು ತೀರ್ಮಾನವಾಯಿತು. ಕಿಮಾನಿ ನನ್ನ ಹೊಟ್ಟೆಯನ್ನೊಮ್ಮೆ ನೋಡಿ, "ಮೊದಲು ಇದನ್ನು ಇಳಿಸು, ದಪ್ಪ ರಬ್ಬರ್ ಸೂಟಿನ ಜಿಪ್ ಹತ್ತಬೇಕಲ್ಲ. ದಿನಾ ತಣ್ಣೀರು ಸ್ನಾನ ಮಾಡು. ಕಣ್ಣು ಮುಚ್ಚಿ ಕೂತು ಉಸಿರನ್ನು ಪೋಲೆ ಪೋಲೆ, ನಿಧಾನವಾಗಿ ಬಿಡುವುದನ್ನು ಕಲಿ. ಬಿಯರ್ ಬಿಡು," ಎಂದ. ನಾನು ಎಲ್ಲಕ್ಕೂ ಹೂಂಗುಟ್ಟಿದೆ.

ಅದೇ ಹೊತ್ತಿಗೆ ಮೈಸೂರಿನಿಂದ ಅತ್ತೆ ಬಂದಿಳಿದರು. ಅವರಿಗೆ ಮಂಡಿನೋವು, ಊರುಗೋಲಿಲ್ಲದೆ ನಡೆಯಲಾಗದು, ಊರಿಗೆ ಮರಳಿದ ಮೇಲೆ ಆಪರೇಷನ್ ಆಗಬೇಕು, ಅದಕ್ಕೆ ಮೊದಲು ಮಗಳ ಮನೆಯಲ್ಲಿ ನಾಲ್ಕು ದಿನ ಇದ್ದು ಹೋಗುವ ಆಸೆ. ನನ್ನ ಬಗ್ಗೆ ಅತ್ತೆಗೆ ಅಂಥ ದೊಡ್ಡ ಅಭಿಪ್ರಾಯವೇನೂ ಇರಲಿಲ್ಲ. ಧಾರೆಯ ಹೊತ್ತಿನಲ್ಲಿ ನಾನು ಬಾಯಿ ತುಂಬ ಆಕಳಿಸಿದ್ದನ್ನು ಅವರು ಮರೆತಿಲ್ಲ, ಫೋಟೋದವನು ಮರೆಯಲು ಬಿಟ್ಟೂ ಇಲ್ಲ. ಅಳಿಯ ದೇವರ ಮುಂದೆ ನಿಲ್ಲುವುದು ಅಲ್ಲಿಯ ಬಲ್ಬು ಬದಲಾಯಿಸುವಾಗ ಮಾತ್ರ ಎಂದು ಅವರಿಗೆ ಗೊತ್ತು. ನನ್ನ ಹೆಂಡತಿ ವೀಣಾ ಮೊದಲೇ ಎಚ್ಚರಿಸಿದ್ದಳು: "ರೀ, ಅಮ್ಮ ಇರೋವರ್ಗೂ ಸಮುದ್ರದ ಸುದ್ದಿ ಎತ್ಬೇಡಿ. ಬಿ.ಪಿ. ಏರುತ್ತೆ."

ನಾನು ಎತ್ತಲಿಲ್ಲ. ಸೌತ್ ಬಿ ಬಡಾವಣೆಯ ನಮ್ಮ ಮನೆಯಲ್ಲಿ ಬಿಸಿನೀರಿನ ಸ್ವಿಚ್ ಇರುವುದು ಬಚ್ಚಲಿನ ಹೊರಗೆ, ಕಾರಿಡಾರಿನ ಗೋಡೆಯ ಮೇಲೆ. ಹಾಕಿದರೆ ಅದರಲ್ಲೊಂದು ಕೆಂಪು ದೀಪ ಹತ್ತಿ ಷವರಿನ ನೀರು ಕೂಡಲೇ ಬಿಸಿಯಾಗುತ್ತದೆ, ಆರಿಸಿದರೆ ಕೂಡಲೇ ತಣ್ಣಗಾಗುತ್ತದೆ. ಜುಲೈ ತಿಂಗಳ ನೈರೋಬಿಯ ಚಳಿ, ಹೊರಗೆ ಜಿಟಿಜಿಟಿ, ನಾನು ಬೆಳಗಿನ ಜಾವಕ್ಕೆ ಎದ್ದು ಆ ಸ್ವಿಚ್ ಮುಟ್ಟದೆ ಒಳಹೊಕ್ಕು ನಲ್ಲಿ ತಿರುಗಿಸಿದೆ. ತಲೆಯ ಮೇಲೆ ನೀರು ಬಿದ್ದದ್ದೇ ತಡ, ನನ್ನ ಬಾಯಿಂದ "ರಾಮ ರಾಮ ರಾಮ ರಾಮ" ಎಂದು ಹೊರಟಿತು. ನಾನೇ ಗಾಬರಿಯಾದೆ. ಇಷ್ಟು ವರ್ಷ ಅದು ಒಳಗೆ ಎಲ್ಲಿತ್ತೋ! ಸ್ನಾನ ಮುಗಿಸಿ ಸೋಫಾದ ಮೇಲೆ ಕಣ್ಣು ಮುಚ್ಚಿ ಕೂತು ಉಸಿರು ನಿಧಾನ ಮಾಡಿದೆ. ರಾತ್ರಿ ಊಟ ಬೇಡವೆಂದೆ. ಹೀಗೆ ಒಂದು ವಾರ ಕಳೆದ ಮೇಲೆ ಅತ್ತೆ ನನ್ನ ಕೈಗೆ ಕಾಫಿ ಲೋಟ ಕೊಟ್ಟು, ಕಣ್ಣಂಚು ಒರೆಸಿಕೊಂಡರು.

"ಅಳಿಯಂದ್ರೇ, ನೀವು ಬಾಯಿಬಿಟ್ಟು ಹೇಳ್ಬೇಡಿ, ನಂಗೆ ಎಲ್ಲಾ ಅರ್ಥವಾಯ್ತು. ಕೆಂಪು ದೀಪ ಹತ್ತೋದೇ ಇಲ್ಲ. ತಣ್ಣೀರು, ಜಪ, ಧ್ಯಾನ, ಒಪ್ಪತ್ತು ಊಟ. ನನ್ನ ಮಂಡಿ ಸರಿಹೋಗ್ಲಿ ಅಂತ ತಾನೇ? ನನ್ನ ಹೊಟ್ಟೇಲಿ ಹುಟ್ಟಿದ ಮಗ ಕೂಡ ಇಷ್ಟು ಮಾಡ್ಲಿಲ್ಲ."

ಅಲ್ಲ ಎನ್ನಬೇಕಿತ್ತು. ಕಾಫಿ ಬಿಸಿಯಿತ್ತು, ಬಾಯಲ್ಲಿತ್ತು, ನುಂಗುವಷ್ಟರಲ್ಲಿ ಅವರು ಒಳಗೆ ಹೋಗಿಬಿಟ್ಟಿದ್ದರು. ನಾಚಿಕೆಯ ಮಾತು ಹೇಳುತ್ತೇನೆ, ನನಗೆ ಹಿತವಾಗಿತ್ತು. ಮರುದಿನದಿಂದ ನನ್ನ ರಾಮನಾಮದ ದನಿ ಸ್ವಲ್ಪ ಏರಿತು. ವ್ರತದವರೆಂದು ಅತ್ತೆ ರಾತ್ರಿ ಫಲಾಹಾರ ಮಾಡಿಕೊಡತೊಡಗಿದರು: ಒಗ್ಗರಣೆ ಅವಲಕ್ಕಿ, ಸಬ್ಬಕ್ಕಿ ಉಪ್ಪಿಟ್ಟು, ತುಪ್ಪ ತೇಲುವ ಸಜ್ಜಿಗೆ. ಊಟ ಬಿಟ್ಟಿದ್ದರಿಂದ ನನ್ನ ಹೊಟ್ಟೆ ಇನ್ನಷ್ಟು ಬೆಳೆಯಿತು. ಎಂಬಕಸಿ ಬಡಾವಣೆಯಲ್ಲಿರುವ ಕನ್ನಡದವರೊಬ್ಬರ ಮನೆಗೆ ಪೂಜೆಗೆ ಹೋದಾಗ ಅತ್ತೆ ಅಲ್ಲಿಯೂ ಸುದ್ದಿ ಬಿತ್ತಿದರು. ಆ ಮನೆಯವರು ಮನಸ್ಸಿನ ನಿಗ್ರಹದ ಬಗ್ಗೆ ಎರಡು ಮಾತಾಡಿ ಎಂದರು. ನಾನು ಆಡಿದೆ. ಅದನ್ನು ನೆನೆದರೆ ಈಗಲೂ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸುತ್ತದೆ. ವೀಣಾ ಎದುರಿಗೇ ಕೂತು ಕೋಸಂಬರಿ ತಿನ್ನುತ್ತಾ ನನ್ನನ್ನೇ ನೋಡುತ್ತಿದ್ದಳು.

ಆಮೇಲೆ ಅತ್ತೆ ಕೆಮ್ಮಲು ಶುರುಮಾಡಿದರು. ಚಳಿ ಒಗ್ಗಿಲ್ಲವೆಂದುಕೊಂಡು ಕಷಾಯ ಕೊಟ್ಟೆವು. ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ನೀರಿನ ಸದ್ದು ಕೇಳುತ್ತಿದೆ, ಹೊರಗೆ ಕೆಂಪು ದೀಪವಿಲ್ಲ. ಒಳಗಿರುವವರು ಅತ್ತೆ. ವೀಣಾ ಬಾಗಿಲು ಬಡಿದು ಕೇಳಿದರೆ, "ನನಗೋಸ್ಕರ ಅವರು ತಣ್ಣೀರು ಹುಯ್ಕೋವಾಗ ನಾನು ಬಿಸಿನೀರಲ್ಲಿ ಮೀಯೋದಾ?" ಎಂದರು. ಹಲ್ಲು ಕಟಕಟ ಅನ್ನುವುದು ಬಾಗಿಲಾಚೆಗೂ ಕೇಳುತ್ತಿತ್ತು. ಸೀಲ್ ನೋಡುವ ಚಪಲಕ್ಕೆ ವಯಸ್ಸಾದ ಹೆಂಗಸಿಗೆ ಕಾಯಿಲೆ ತರಿಸುತ್ತಿದ್ದೆ. ಜ್ವರ ಹಿಡಿದರೆ ಆಪರೇಷನ್ ಗತಿಯೇನು? "ಇವತ್ತು ನೀವು ಹೇಳ್ದಿದ್ರೆ ನಾನು ಹೇಳ್ತೀನಿ," ಎಂದಳು ವೀಣಾ. ಸಂಜೆ ಹೇಳುತ್ತೇನೆಂದೆ. ಹೇಡಿಗಳಿಗೆ ಸಂಜೆಯ ಮೇಲೆ ಬಹಳ ಭರವಸೆ.

ಸಂಜೆಗೆ ಮೊದಲೇ ಕಿಮಾನಿ ಬಂದ, ಹೆಗಲ ಮೇಲೆ ಕರಿಯ ರಬ್ಬರ್ ಸೂಟು. "ಹೇಗಿದ್ದೀರಿ ಶೋಶೋ?" ಎಂದು ಅತ್ತೆಗೆ ಕೈಮುಗಿದ. ಶೋಶೋ ಅಂದರೆ ಅವನ ಭಾಷೆಯಲ್ಲಿ ಅಜ್ಜಿ. ಅತ್ತೆ ಸೂಟನ್ನು ಮುಟ್ಟಿ ನೋಡಿ, ಇದೇನೆಂದು ಕೇಳಿದರು. ನಮ್ಮ ಮಗಳು ಅನಘಾ ಮೊಬೈಲಿನಿಂದ ತಲೆ ಎತ್ತಿದಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ ಇವಳು, ಒಂದು ವಾಕ್ಯ ಕನ್ನಡದಲ್ಲಿ ಆಡು ಎಂದು ನಾನು ವರ್ಷಗಟ್ಟಲೆ ಗೋಗರೆದಿದ್ದೇನೆ. ಆ ದಿನ ಆಡಿದಳು.

"ಅಜ್ಜೀ, ಅದು ಅಪ್ಪಂದು. ಸಮುದ್ರದ ಒಳಗೆ ಹೋಗ್ತಾರೆ, ಸೀಲ್ ನೋಡಕ್ಕೆ. ಅಲ್ಲಿ ನೀರು ತುಂಬಾ ಕೋಲ್ಡ್. ಅದಕ್ಕೆ ಕೋಲ್ಡ್ ಸ್ನಾನ. ನಿಮ್ಮ ಮಂಡಿಗೆ ಅಲ್ಲ."

ಆ ಎರಡು ಕೋಲ್ಡ್ ಬಿಟ್ಟರೆ ಒಂದೂ ತಪ್ಪಿಲ್ಲದ ಕನ್ನಡ. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಅತ್ತೆ ಸೂಟಿನಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆಮೇಲೆ ಮೆಲ್ಲಗೆ, "ಹಾಗಾದ್ರೆ ಆ ರಾಮ ರಾಮ ಅಂದಿದ್ದೂ ಸುಳ್ಳೇ?" ಎಂದರು.

"ಇಲ್ಲ ಅತ್ತೆ, ಅದೊಂದೇ ನಿಜ," ಎಂದೆ. ಅದೇ ಭರದಲ್ಲಿ, ಇನ್ನು ಮುಂದೆ ನಿಜವಾಗಿಯೂ ಅವರ ಮಂಡಿಗಾಗಿಯೇ, ಆಪರೇಷನ್ ಮುಗಿಯುವವರೆಗೆ ತಣ್ಣೀರು ಮೀಯುತ್ತೇನೆ, ಅವರು ಮಾತ್ರ ಬಿಸಿನೀರೇ ಮೀಯಬೇಕು ಎಂದು ಮಾತು ಕೊಟ್ಟೆ. ಅತ್ತೆ ಬೇಡವೆನ್ನಬಹುದೆಂದು ಒಂದು ಕ್ಷಣ ಕಾದೆ. "ಆಗ್ಲಿ," ಎಂದರು.

ಮೊದಲೆರಡು ದಿನ ನಡೆಯಿತು. ಅತ್ತೆಯ ಕೆಮ್ಮೂ ಇಳಿಯಿತು. ಇವತ್ತು ಬೆಳಿಗ್ಗೆ ಮಾತ್ರ ಚಳಿ ವಿಪರೀತ. ಮನೆಯಲ್ಲಿ ಯಾರೂ ಎದ್ದಂತಿರಲಿಲ್ಲ. ಮೆಲ್ಲಗೆ ಸ್ವಿಚ್ ಹಾಕಿ ಒಳಹೊಕ್ಕೆ. ಹದವಾದ ಬಿಸಿನೀರು ಬೆನ್ನ ಮೇಲೆ ಇಳಿಯುತ್ತಿರಲು, ಮಾತು ಕೊಟ್ಟದ್ದು ನೆನಪಾಗಿ, ಹಲ್ಲು ಕಡಿದುಕೊಂಡು ದನಿಯಲ್ಲಿ ನಡುಕ ತಂದುಕೊಂಡು "ರಾಮ ರಾಮ" ಎಂದು ಗಟ್ಟಿಯಾಗಿ ಕೂಗಿದೆ. ಕಾರಿಡಾರಿನಲ್ಲಿ ಊರುಗೋಲಿನ ಸದ್ದು ಹತ್ತಿರ ಬಂದು ನಿಂತಿತು. ಟಕ್ಕೆಂದು ಸ್ವಿಚ್ ಆರಿತು. ಆಮೇಲೆ ನನ್ನ ಬಾಯಿಂದ ಹೊರಬಿದ್ದ ರಾಮನಾಮ ಪಕ್ಕದ ಮನೆಯವರಿಗೂ ಕೇಳಿಸಿರಬೇಕು.

"ಹೂಂ, ಇದು ನಿಜದ್ದು," ಎಂದರು ಅತ್ತೆ, ಬಾಗಿಲಿನ ಹೊರಗಿನಿಂದ.